ಗ್ರಾಹಕರ ಆಯೋಗದ ಆದೇಶ ಆಯ್ತು, ಅಂಗಡಿಯವ್ರು ದುಡ್ಡು ಕೊಡ್ತಿಲ್ಲ

ಪ್ರಶ್ನೆ: ಸೋಫಾ ವಿಷಯಕ್ಕೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ನಮ್ ಕಡೆ ಆದೇಶ ಆಯ್ತು, ಆದ್ರೆ ಅಂಗಡಿಯವ್ರು ಕೇಸಿಗೂ ಬರ್ಲಿಲ್ಲ ಈಗ ಫೋನೂ ಎತ್ತಲ್ಲ. ಮುಂದೇನ್ ಮಾಡ್ಬೇಕು, ಯಾರಾದ್ರೂ ಹೇಳಿ ಪ್ಲೀಸ್

ಉತ್ತರ: ಆದೇಶದಲ್ಲಿ ಕೊಟ್ಟಿರೋ ಗಡುವು ಮುಗಿದಿದ್ರೆ ಅದೇ ಆಯೋಗದಲ್ಲಿ ಎಕ್ಸಿಕ್ಯೂಷನ್ ಅರ್ಜಿ (ಆದೇಶ ಜಾರಿ ಮಾಡ್ಸಿ ಅಂತ ಕೇಳೋ ಅರ್ಜಿ) ಹಾಕಿ, 2019ರ ಗ್ರಾಹಕರ ರಕ್ಷಣಾ ಕಾಯ್ದೆ ಸೆಕ್ಷನ್ 71, ಸಿವಿಲ್ ಕೋರ್ಟ್ ಡಿಕ್ರಿ (ಅಂತಿಮ ತೀರ್ಪಿನ ಆದೇಶ) ತರಾನೇ ಜಾರಿ ಮಾಡ್ತಾರೆ, ಬ್ಯಾಂಕ್ ಅಕೌಂಟ್ ಜಪ್ತಿನೂ ಕೇಳ್ಬೋದು. ಅವ್ರು ಅಪೀಲ್ ಹೋಗ್ಬೇಕಂದ್ರೆ 45 ದಿನ ಟೈಮು, ಆದೇಶದಲ್ಲಿರೋ ದುಡ್ಡಲ್ಲಿ ಅರ್ಧ ಮೊದ್ಲೇ ಕಟ್ಬೇಕು.

ಉತ್ತರ: ಅದೇ ಕಾಯ್ದೆ ಸೆಕ್ಷನ್ 72 ಕೂಡ ಹಾಕಿ ಸಾರ್, ಆದೇಶ ಪಾಲಿಸದೇ ಇದ್ರೆ ಶಿಕ್ಷೆ ಕೊಡೋದು ಅದು. 1 ತಿಂಗಳಿಂದ 3 ವರ್ಷ ಜೈಲು, ಇಲ್ಲಾ 25 ಸಾವಿರದಿಂದ 1 ಲಕ್ಷ ದಂಡ, ಎರಡೂ ಆಗ್ಬೋದು.

ಉತ್ತರ: ಹಳೇ ಬಿಲ್ಲಲ್ಲಿ ಅವ್ರ ಜಿಎಸ್‌ಟಿ ನಂಬರ್, ಬ್ಯಾಂಕ್ ಡೀಟೇಲ್ಸ್ ಇದ್ಯಾ ನೋಡಿ. ಅವ್ರ ವಿಳಾಸಾನೂ ಸರಿಯಾಗಿ ನೋಡ್ಕೊಳ್ಳಿ, ಅರ್ಜೀಲಿ ಅದು ತಪ್ಪಿದ್ರೆ ನೋಟಿಸ್ ವಾಪಸ್ ಬಂದು ಸುಮ್ನೆ ತಿಂಗ್ಳುಗಟ್ಲೆ ಹೋಗುತ್ತೆ.