ಬೆಂಕಿ ಕುದುರೆಯ ವರ್ಷದಲ್ಲಿ ಮಗು

"2026ರಲ್ಲಿ ಜಪಾನಿನಲ್ಲಿ ಹೆಣ್ಣುಮಗು ಹುಟ್ಟಿದ್ರೆ ಮುಂದೆ ಯಾರಾದ್ರೂ ಏನಾದ್ರೂ ಅಂತಾರಾ?" ಅಂತ ಗುಂಪಿನಲ್ಲಿ ಒಬ್ಬರು ಕೇಳಿದ್ದರು. 2026 ಬೆಂಕಿ ಕುದುರೆಯ ವರ್ಷ, ಅದರಲ್ಲಿ ಹೆಣ್ಣು ಹುಟ್ಟಬಾರದು ಅಂತ ಇಲ್ಲೊಂದು ಹಳೆಯ ನಂಬಿಕೆ. ನನಗೂ ಆಗಸ್ಟಿನಲ್ಲೇ ಡೆಲಿವರಿ. ಗೊತ್ತಿರುವಷ್ಟು ಬರೆಯುತ್ತೇನೆ.

ಟೋಕಿಯೊದ ನಿಶಿಕಸಾಯಿಯಲ್ಲಿ ನಮ್ಮ ಮಹಡಿಯಲ್ಲೇ ಒಬ್ಬ ಜಪಾನಿ ಆಂಟಿ ಇದ್ದಾರೆ. ವಾರ್ಡ್ ಆಫೀಸಿನಿಂದ ಬೋಶಿ ತೆಚೋ ತಂದ ದಿನ ಲಿಫ್ಟಿನಲ್ಲಿ ಸಿಕ್ಕರು. ತಾಯಿ ಮಗುವಿನ ಆ ಪುಸ್ತಕ ನೋಡಿ ಖುಷಿಪಟ್ಟು, "ಹಿನೊಎ-ಉಮಾ! ನಾನೂ ಅದೇ" ಅಂತ ನಕ್ಕರು. ಅವರು ಹುಟ್ಟಿದ್ದು 1966ರಲ್ಲಿ.

ಹಿನೊಎ-ಉಮಾ ಅಂದರೆ ಬೆಂಕಿ ಕುದುರೆಯ ವರ್ಷ. ನಮ್ಮ ಸಂವತ್ಸರಗಳ ಹಾಗೆಯೇ 60 ವರ್ಷಕ್ಕೊಮ್ಮೆ ಬರುತ್ತದೆ. ಆ ವರ್ಷ ಹುಟ್ಟಿದ ಹೆಣ್ಣು ಗಂಡನ ಆಯುಸ್ಸು ತಿನ್ನುತ್ತಾಳೆ ಅಂತ ನಂಬಿಕೆ. ಎದೋ, ಅಂದರೆ ಈಗಿನ ಟೋಕಿಯೊ, ಆ ಊರಿನ ತರಕಾರಿ ಅಂಗಡಿಯವನ ಮಗಳು ಓಶಿಚಿ, ಪ್ರೀತಿಸಿದ ಹುಡುಗನನ್ನು ಮತ್ತೆ ನೋಡುವ ಆಸೆಗೆ ಬೆಂಕಿ ಹಚ್ಚಿದಳಂತೆ. 1683ರಲ್ಲಿ ಅವಳನ್ನೇ ಸುಟ್ಟರು. ಅವಳು 1666ರ ಬೆಂಕಿ ಕುದುರೆ ಅಂತ ಕಥೆ ಬೆಳೆಯಿತು.

1906ರಲ್ಲಿ ಹುಟ್ಟಿದ ಹೆಣ್ಣುಮಕ್ಕಳ ತಾರೀಖನ್ನೇ ಎಷ್ಟೋ ಮನೆಯವರು ಹಿಂದೆ ಮುಂದೆ ಮಾಡಿ ಬರೆಸಿದರು. 1966ರ ಹೊತ್ತಿಗೆ ಮಕ್ಕಳನ್ನೇ ಮುಂದೂಡುವ ದಾರಿ ಇತ್ತು. 1965ರಲ್ಲಿ ಸುಮಾರು 18.2 ಲಕ್ಷ ಮಕ್ಕಳು, 1966ರಲ್ಲಿ 13.6 ಲಕ್ಷ, ಮರುವರ್ಷ 19.3 ಲಕ್ಷ! ದೋಷ ಹೆಣ್ಣಿಗೆ ಮಾತ್ರ, ಗಂಡಿಗೆ ಏನೂ ಇಲ್ಲ. ಆದರೆ ಹುಟ್ಟುವುದು ಯಾವುದು ಅಂತ ಆಗ ಮೊದಲೇ ತಿಳಿಯುತ್ತಿರಲಿಲ್ಲ ಅಲ್ವಾ, ಹಾಗಾಗಿ ಗಂಡುಮಕ್ಕಳೂ ಕಮ್ಮಿಯಾದರು. ರಾಜಮನೆತನದ ಸೊಸೆ ಕಿಕೊ ಕೂಡ ಅದೇ ವರ್ಷದವರು. ಅವರ ಮಗನೇ ಈಗ ಸಿಂಹಾಸನದ ಸಾಲಿನಲ್ಲಿರುವ ಎಲ್ಲರಿಗಿಂತ ಕಿರಿಯ ರಾಜಕುಮಾರ.

ನನ್ನ ಲೆಕ್ಕದಲ್ಲಿ ಕುದುರೆಗೆ ಈಗ ಕೆಲಸವೇ ಉಳಿದಿಲ್ಲ. 1966ರಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.58 ಮಕ್ಕಳು. 1989ರಲ್ಲಿ ಯಾವ ದೋಷವೂ ಇಲ್ಲದೆ ಅದು 1.57ಕ್ಕೆ ಇಳಿದು ಇಡೀ ದೇಶ ಗಾಬರಿಯಾಯಿತು. 2024ರಲ್ಲಿ 1.15. ಮನೆ ಬಾಡಿಗೆ, ಆಫೀಸಿನ ಹೊತ್ತು, ಮಗು ನೋಡಿಕೊಳ್ಳೋರು ಯಾರು ಅನ್ನೋದು, ಜನ ತಲೆ ಕೆಡಿಸಿಕೊಳ್ಳುವುದು ಇವಕ್ಕೇ.

ಶಾಲೆಯ ಬಗ್ಗೆ ಹೇಳುವುದಾದರೆ, ಇಲ್ಲಿ ತರಗತಿ ಲೆಕ್ಕ ಏಪ್ರಿಲ್ 2ರಿಂದ. ಜನವರಿಯಲ್ಲಿ ಹುಟ್ಟಿದ ಮಗು ಹಿಂದಿನ ವರ್ಷದವರ ಜೊತೆ ಕೂರುತ್ತದೆ. ಇಲ್ಲಿ ಒಂದೊಂದು ವರ್ಷಕ್ಕೂ ಒಂದೊಂದು ಪ್ರಾಣಿ, ಹಾಗಾಗಿ ಒಂದೇ ತರಗತಿಯಲ್ಲಿ ಎರಡು ಪ್ರಾಣಿಯ ಮಕ್ಕಳು!

ಆದರೆ ನಾವು ನಗುವ ಹಾಗಿಲ್ಲ. ಮೂಲಾ ನಕ್ಷತ್ರದ ಹುಡುಗಿ ಬಂದರೆ ಮಾವನಿಗೆ ಆಗಲ್ಲ ಅಂತ ನನ್ನ ಅಕ್ಕನಿಗೆ ಎರಡು ಸಂಬಂಧ ತಪ್ಪಿದ್ದವು. 2026ರ ಯುಗಾದಿಯದೂ ಪರಾಭವ ಸಂವತ್ಸರ, 1966ರಲ್ಲಿ ಬಂದದ್ದೂ ಅದೇ. ಹೆಸರು ಕೇಳಿಯೇ ಶಿವಮೊಗ್ಗದ ನಮ್ಮತ್ತೆ ಮುಖ ಸಣ್ಣ ಮಾಡಿಕೊಂಡರು. ಲಿಫ್ಟಿನ ಆಂಟಿಯ ಗಂಡನಿಗೆ ಎಪ್ಪತ್ತು ದಾಟಿದೆ, ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ರೇಡಿಯೊ ಹಾಕಿಕೊಂಡು ವ್ಯಾಯಾಮ ಮಾಡುತ್ತಾರೆ ಅಂತ ಫೋನಿನಲ್ಲಿ ಹೇಳಿದೆ. ಅತ್ತೆ ಒಂದು ನಿಮಿಷ ಸುಮ್ನಿದ್ದು, "ಅದು ಸರಿ ಕಣೆ, ಆಗಸ್ಟಿನಲ್ಲಿ ಮೂಲಾ ಯಾವತ್ತು ಬರುತ್ತೆ ನೋಡು" ಅಂದರು.