ಯುಪಿಐ ಪಾವತಿಗಳನ್ನು ಗ್ನೂಕ್ಯಾಶ್ ತಾನಾಗಿಯೇ ವಿಂಗಡಿಸುವಂತೆ ಮಾಡುವುದು ಹೇಗೆ?

ಪ್ರಶ್ನೆ: ಮನೆಲೆಕ್ಕ

ನಮಸ್ಕಾರ. ಏಪ್ರಿಲ್‌ನಿಂದ ಮನೆಯ ಜಮಾಖರ್ಚನ್ನು ಗ್ನೂಕ್ಯಾಶ್ ಎಂಬ ಲೆಕ್ಕದ ತಂತ್ರಾಂಶದಲ್ಲಿ ಬರೆಯುತ್ತಿದ್ದೇನೆ. ತಿಂಗಳಿಗೊಮ್ಮೆ ಬ್ಯಾಂಕಿನ ಸ್ಟೇಟ್‌ಮೆಂಟನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಟ್ಟಿ) ರೂಪದಲ್ಲಿ ಇಳಿಸಿಕೊಂಡು ಇಂಪೋರ್ಟ್ ಮಾಡುತ್ತೇನೆ. ಸಂಬಳ, ವಿಮೆಯ ಕಂತು ಮುಂತಾದವನ್ನು ಅದು ಬೇಗನೆ ಕಲಿತು ಸರಿಯಾದ ಖಾತೆಗೇ ಹಾಕುತ್ತಿದೆ. ಆದರೆ ಒಂದೇ ದಿನಸಿ ಅಂಗಡಿಗೆ ತಿಂಗಳಲ್ಲಿ ಹತ್ತು ಸಲ ಹಣ ಕೊಟ್ಟರೆ, ಹತ್ತು ಸಲವೂ ನಾನೇ ‘ದಿನಸಿ’ ಎಂದು ತೋರಿಸಬೇಕು. ಇಲ್ಲವಾದರೆ ಅವೆಲ್ಲ, ಖಾತೆ ಗೊತ್ತಾಗದ ಮೊತ್ತಗಳು ಸೇರುವ ‘ಇಂಬ್ಯಾಲೆನ್ಸ್’ ಖಾತೆಗೆ ಹೋಗುತ್ತವೆ. ಬೇಸಿಯನ್ ಹೊಂದಾಣಿಕೆಯ (ಹಿಂದಿನ ನಮೂದುಗಳಿಂದ ಕಲಿತು ಖಾತೆಯನ್ನು ಊಹಿಸುವ) ಆಯ್ಕೆಯನ್ನು ಆನ್ ಮಾಡಿದ್ದೇನೆ. ಸ್ಟೇಟ್‌ಮೆಂಟಿನ ಒಂದು ಸಾಲು ಹೀಗಿರುತ್ತದೆ:

ಯುಪಿಐ/ಡಿಆರ್/412907318852/ಗಣೇಶಸ್ಟೋರ್/ಪೇಮೆಂಟ್

ನಾನು ಎಲ್ಲಿ ತಪ್ಪುತ್ತಿದ್ದೇನೆ ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಖತಾವಣಿ

ತಪ್ಪು ನಿಮ್ಮದಲ್ಲ, ಆ ಸಾಲಿನ ರೂಪದ್ದು. ಬೇಸಿಯನ್ ವಿಧಾನವು ವಿವರಣೆಯನ್ನು ಪದಗಳಾಗಿ ಒಡೆದು, ಯಾವ ಪದ ಯಾವ ಖಾತೆಯ ಜೊತೆ ಎಷ್ಟು ಸಲ ಬಂದಿದೆ ಎಂಬ ಎಣಿಕೆಯನ್ನು ಇಟ್ಟುಕೊಳ್ಳುತ್ತದೆ. ಆದರೆ ಗ್ನೂಕ್ಯಾಶ್ ಪದಗಳನ್ನು ಒಡೆಯುವುದು ಖಾಲಿ ಜಾಗ ಇರುವಲ್ಲಿಯೇ ಹೊರತು ಓರೆಗೆರೆ (/) ಇರುವಲ್ಲಿ ಅಲ್ಲ. ಆದ್ದರಿಂದ ನೀವು ಕೊಟ್ಟಿರುವ ಇಡೀ ಸಾಲು ಅದರ ಕಣ್ಣಿಗೆ ಒಂದೇ ಪದ. ನಡುವಿನ 12 ಅಂಕೆಗಳ ವಹಿವಾಟು ಸಂಖ್ಯೆ ಪ್ರತಿ ಸಲವೂ ಬೇರೆಯಾಗಿರುವುದರಿಂದ ಆ ಪದ ಮತ್ತೆಂದೂ ಮರಳಿ ಬರುವುದಿಲ್ಲ. ಹತ್ತು ಸಲ ಕಲಿಸಿದರೂ ಅದು ಕಲಿತದ್ದು ಹತ್ತು ಬೇರೆ ಬೇರೆ ಪದಗಳನ್ನು.

ಇಂಪೋರ್ಟ್ ಮಾಡುವ ಮೊದಲು ಕಡತವನ್ನು ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲಿ ತೆರೆಯಿರಿ. ವಿವರಣೆಯ ಕಾಲಂ ಒಂದನ್ನೇ ಆರಿಸಿಕೊಂಡು, ಹುಡುಕಿ ಬದಲಿಸುವ ಸೌಲಭ್ಯದಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ (ನಿರ್ದಿಷ್ಟ ಪದದ ಬದಲು ಮಾದರಿಯನ್ನು ಕೊಟ್ಟು ಹುಡುಕುವ) ಆಯ್ಕೆಯನ್ನು ಬಳಸಿ, ಸತತ 12 ಅಂಕೆಗಳಿರುವ ಭಾಗವನ್ನು ಅಳಿಸಿ. ಬಳಿಕ ಓರೆಗೆರೆಗಳ ಜಾಗದಲ್ಲಿ ಖಾಲಿ ಜಾಗ ಬರುವಂತೆ ಮಾಡಿ. ಕಾಲಂ ಆರಿಸಿಕೊಳ್ಳುವುದನ್ನು ಮರೆಯಬೇಡಿ, ಏಕೆಂದರೆ ದಿನಾಂಕದಲ್ಲಿಯೂ ಓರೆಗೆರೆ ಇರುತ್ತದೆ. ಹಿಂದಿನ ಕಸವನ್ನು ಟೂಲ್ಸ್ ಮೆನುವಿನ ‘ಇಂಪೋರ್ಟ್ ಮ್ಯಾಪ್ ಎಡಿಟರ್’ನಲ್ಲಿ ತೆಗೆದುಹಾಕಬಹುದು. ಅದನ್ನು ಒಮ್ಮೆ ತೆರೆದು ನೋಡಿ. ನಿಮ್ಮ ಹಳೆಯ ಸಾಲುಗಳು ಅಂಕೆಗಳ ಸಮೇತ ಅಲ್ಲಿ ಉದ್ದಕ್ಕೂ ನಿಂತಿರುವುದು ಕಾಣುತ್ತದೆ.

ಉತ್ತರ: ಸಾದಾಕಡತ

ನಾನು ಎಚ್‌ಲೆಡ್ಜರ್ ಎಂಬ ಇನ್ನೊಂದು ಲೆಕ್ಕದ ತಂತ್ರಾಂಶ ಬಳಸುತ್ತೇನೆ. ಅಲ್ಲಿ ಊಹೆಯ ಮಾತಿಲ್ಲ. ವಿವರಣೆಯಲ್ಲಿ ‘ಗಣೇಶಸ್ಟೋರ್’ ಇದ್ದರೆ ದಿನಸಿ ಖಾತೆಗೆ ಹಾಕು ಎಂದು ನಿಯಮಗಳ ಕಡತದಲ್ಲಿ ನಾವೇ ಬರೆದಿಡುತ್ತೇವೆ, ಸುತ್ತ ಯಾವ ಅಂಕೆ ಇದ್ದರೂ ಅಡ್ಡಿಯಾಗುವುದಿಲ್ಲ. ಒಂದು ವಹಿವಾಟು ಆ ಖಾತೆಗೆ ಏಕೆ ಹೋಯಿತು ಎಂಬುದಕ್ಕೆ ಒಂದು ಸಾಲನ್ನು ಬೆರಳಿಟ್ಟು ತೋರಿಸಬಹುದು ಎಂಬ ಕಾರಣಕ್ಕೆ ನನಗೆ ಇದೇ ಹೆಚ್ಚು ನಂಬಿಕೆಯ ದಾರಿ. ಹೊಸ ಅಂಗಡಿಗೆ ಹೋದಾಗಲೆಲ್ಲ ಹೊಸ ನಿಯಮ ಬರೆಯುವ ಕೆಲಸವಂತೂ ಇದ್ದೇ ಇದೆ.

ಉತ್ತರ: ಖತಾವಣಿ

ನಿಯಮಗಳಿಗೂ ಒಂದು ಮಿತಿಯಿದೆ. ನಾವು ಮನೆ ಮಾಲೀಕರಿಗೆ ಬಾಡಿಗೆಯನ್ನೂ, ನೀರಿನ ಹಣವನ್ನೂ, ಅವರ ಹಸುವಿನ ಹಾಲಿನ ಹಣವನ್ನೂ ಒಂದೇ ಯುಪಿಐ ವಿಳಾಸಕ್ಕೆ ಕಳಿಸುತ್ತೇವೆ. ಹೆಸರು ಒಂದೇ ಆಗಿರುವಾಗ ನಿಯಮವಾಗಲಿ ಬೇಸಿಯನ್ ಎಣಿಕೆಯಾಗಲಿ ಇವುಗಳನ್ನು ಬೇರ್ಪಡಿಸಲಾರವು. ಬಾಡಿಗೆಯ ಮೊತ್ತ ಬದಲಾಗದ ಕಾರಣ ಅದನ್ನು ಮೊತ್ತದಿಂದ ಗುರುತಿಸಬಹುದು. ಉಳಿದ ಎರಡಕ್ಕೆ, ಹಣ ಕಳಿಸುವಾಗಲೇ ಟಿಪ್ಪಣಿಯ ಜಾಗದಲ್ಲಿ ‘ಹಾಲು’ ಅಥವಾ ‘ನೀರು’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ರೂಢಿ ಮಾಡಿಕೊಂಡೆವು. ನಮ್ಮ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಆ ಪದ ಸಾಲಿನ ಕೊನೆಗೆ ಬರುತ್ತದೆ. ನಿಮ್ಮಲ್ಲಿ ಬರುತ್ತದೆಯೇ ಎಂದು ಒಂದು ರೂಪಾಯಿ ಕಳಿಸಿ ಪರೀಕ್ಷಿಸಿ.

ಇನ್ನೊಂದು ಮಾತು: ಕ್ರೆಡಿಟ್ ಕಾರ್ಡಿನ ಬಿಲ್ಲು ಕಟ್ಟಿದ್ದನ್ನು ಖರ್ಚಿನ ಖಾತೆಗೆ ಸೇರಲು ಬಿಡಬೇಡಿ. ಕಾರ್ಡಿನ ಖರೀದಿಗಳನ್ನು ಒಂದೊಂದಾಗಿ ಈಗಾಗಲೇ ಬರೆದಿದ್ದರೆ ಬಿಲ್ಲಿನ ಪಾವತಿ ಬರೀ ಸಾಲ ತೀರಿಸಿದ ವರ್ಗಾವಣೆ; ಅದನ್ನೂ ಖರ್ಚೆಂದು ಹಾಕಿದರೆ ಒಂದೇ ಹಣ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಮರುನುಡಿ: ಮನೆಲೆಕ್ಕ

ಇಬ್ಬರಿಗೂ ಧನ್ಯವಾದಗಳು. ಮ್ಯಾಪ್ ಎಡಿಟರ್ ತೆರೆದಾಗ ನೀವು ಹೇಳಿದಂತೆಯೇ ಅಂಕೆಗಳಿರುವ ಸಾಲುಗಳು ತುಂಬಿದ್ದವು. ಎಲ್ಲವನ್ನೂ ಅಳಿಸಿ, ಕಳೆದ ತಿಂಗಳ ಕಡತವನ್ನು ಶುದ್ಧಗೊಳಿಸಿ, ಮೊದಲಿನಿಂದ ಕಲಿಸಿದೆ. ಈ ತಿಂಗಳು ದಿನಸಿ, ತರಕಾರಿ, ಪೆಟ್ರೋಲ್ ಮೂರೂ ತಾವಾಗಿಯೇ ತಮ್ಮ ಖಾತೆಗಳಿಗೆ ಹೋದವು. ಔಷಧಿ ಅಂಗಡಿಯಲ್ಲಿ ಸೋಪು, ಮಗುವಿನ ಹಾಲಿನ ಪುಡಿಯನ್ನೂ ಕೊಳ್ಳುವುದರಿಂದ ಅಲ್ಲಿಯ ಪಾವತಿಗಳನ್ನು ಮಾತ್ರ ಬಿಲ್ಲು ನೋಡಿ ನಾನೇ ಪಾಲು ಮಾಡಿ ಬರೆಯುತ್ತಿದ್ದೇನೆ.