ಅಪ್‌ಡೇಟ್: ಸಿಪಿಆರ್ ನಂತರ ನಮ್ಮ ತಂದೆಯವರ ಸ್ಥಿತಿ

ನ್ಯುಮೋನಿಯಾದಿಂದ ಐಸಿಯುನಲ್ಲಿದ್ದ ನಮ್ಮ ತಂದೆಯವರ ಹೃದಯ ನಿಂತು, ಆರು ನಿಮಿಷದ ಸಿಪಿಆರ್ (ಎದೆಯೊತ್ತಿ ರಕ್ತ ಹರಿಯುವಂತೆ ಮಾಡುವ ತುರ್ತು ಚಿಕಿತ್ಸೆ) ನಂತರ ಮತ್ತೆ ಬಡಿಯತೊಡಗಿದರೂ ಪ್ರಜ್ಞೆ ಬಾರದಿದ್ದಾಗ, ಅವರು ಚೇತರಿಸಿಕೊಳ್ಳುವರೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ನಾನು ಋಣಿ.

ಎರಡನೆಯ ದಿನವೇ ಏನಾದರೊಂದು ಹೇಳಿರೆಂದು ನಾವು ವೈದ್ಯರನ್ನು ಒತ್ತಾಯಿಸಿದೆವು. ನಿದ್ರೆಯ ಔಷಧಗಳ ಪ್ರಭಾವ ಇಳಿಯದೆ, ಕನಿಷ್ಠ 72 ಗಂಟೆ ಕಳೆಯದೆ ಮಿದುಳಿನ ಬಗ್ಗೆ ತೀರ್ಮಾನಿಸುವುದು ಸರಿಯಲ್ಲವೆಂದೂ, ಕಣ್ಣಪಾಪೆಯ ಪ್ರತಿಕ್ರಿಯೆ, ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ), ಸ್ಕ್ಯಾನ್ ಇವುಗಳಲ್ಲಿ ಯಾವುದೋ ಒಂದನ್ನೇ ನಂಬಿ ಕೈಚೆಲ್ಲಬಾರದೆಂದೂ ಅವರು ತಾಳ್ಮೆಯಿಂದ ವಿವರಿಸಿದರು. ನಾಲ್ಕನೆಯ ದಿನ ಬೆಳಿಗ್ಗೆ ಅಮ್ಮ ಕಿವಿಯ ಬಳಿ ಬಾಗಿ “ರೀ” ಎಂದು ಕರೆದಾಗ, ಅಪ್ಪ ರೆಪ್ಪೆ ತೆರೆದು ಅವರ ಬೆರಳನ್ನು ಮೆಲ್ಲಗೆ ಒತ್ತಿದರು.

ಅಮೆರಿಕದ ಆಸ್ಪತ್ರೆಗಳಲ್ಲೂ ಹೀಗೆ ಒಳರೋಗಿಯಾಗಿರುವಾಗ ಹೃದಯ ನಿಂತವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಷ್ಟೇ ಬದುಕಿ ಮನೆಗೆ ಮರಳುತ್ತಾರೆ. ಬಿಪಿ ಏರಿಸುವ ಔಷಧಗಳ ಮೇಲಿದ್ದು, ಹಲವು ಅಂಗಗಳು ಸೋತಿರುವ ಐಸಿಯು ರೋಗಿಗಳಲ್ಲಿ ಈ ಪ್ರಮಾಣ ಇನ್ನೂ ಕಡಿಮೆ. ಅಪ್ಪನಿಗೆ ವಿದ್ಯುತ್ ಶಾಕ್‌ಗೆ ಸ್ಪಂದಿಸುವ ಬಗೆಯ ಹೃದಯಬಡಿತದ ಲಯದೋಷವಿದ್ದುದು, ಅದು ಮಾನಿಟರ್‌ನಲ್ಲಿ ತಕ್ಷಣ ಕಂಡುದು ದೊಡ್ಡ ಅದೃಷ್ಟವೆಂದೇ ನಾನು ನಂಬಿದ್ದೇನೆ.

ಈಗ ಅವರು ವೆಂಟಿಲೇಟರ್ ಇಲ್ಲದೆ ಉಸಿರಾಡುತ್ತಿದ್ದಾರೆ. ಎದೆಯೊತ್ತಿದಾಗ ಮುರಿದ ಪಕ್ಕೆಲುಬುಗಳು ಕೆಮ್ಮಿದರೆ ನೋಯುತ್ತವೆ, ಬೆಳಿಗ್ಗೆ ಹೇಳಿದ್ದು ಸಂಜೆಗೆ ನೆನಪಿರುವುದಿಲ್ಲ, ಫಿಸಿಯೋಥೆರಪಿ ನಡೆಯುತ್ತಿದೆ.